ಓದುವ ಮೊದಲೇ ಓದಿಯಾಗಿದ್ದ ಪ್ರಬಂಧ

ಆಗದ ಕೆಲಸವನ್ನು ಆಗಿದೆ ಎಂದು ಬರೆಯುವುದು ನನ್ನಿಂದ ಆಗುವುದಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಕೆಲವರಿಗೆ ಬದನೆಕಾಯಿ ಆಗಿಬರುವುದಿಲ್ಲ, ಕೆಲವರಿಗೆ ಧೂಳು ಆಗಿಬರುವುದಿಲ್ಲ, ನನಗೆ ಇದು ಆಗಿಬರುವುದಿಲ್ಲ, ಅಷ್ಟೆ. ಪಿಯುಸಿಯಿಂದ ದಿನಚರಿ ಬರೆಯುತ್ತಿದ್ದೇನೆ. ತಾರೀಖು, ವಾರ, ಬಸ್ಸು ಸಿಕ್ಕಿತೋ ತಪ್ಪಿತೋ, ಎಷ್ಟು ಹುಡುಗರು ಕ್ಲಾಸಿಗೆ ಬಂದರು, ಅವರಲ್ಲಿ ಎಷ್ಟು ಜನ ಎಚ್ಚರವಾಗಿದ್ದರು, ಎಲ್ಲವೂ ಅದರಲ್ಲಿರುತ್ತದೆ. ತಿಂಗಳ ಕೊನೆಗೆ ಕೂಡಿಸಿ ನೋಡುತ್ತೇನೆ. ಒಮ್ಮೆ, ದಿನಕ್ಕೆ ಎಷ್ಟು ಸಲ ನಗುತ್ತೇನೆ ಎಂದು ಲೆಕ್ಕ ಇಡಲು ಹೋಗಿ, ಮೊದಲ ವಾರದ ಮೊತ್ತ ನೋಡಿ ಆ ಕಾಲಂ ಅನ್ನೇ ತೆಗೆದುಹಾಕಿದೆ. ಅವ್ವನಿಗೆ ನನ್ನ ಈ ಅಭ್ಯಾಸ ಒಂಚೂರೂ ಸೇರುವುದಿಲ್ಲ. "ಎರಡ ರೊಟ್ಟಿ ತಿಂದಿ ಅಂತ ಬರ್ಕೊಂಡಿ, ಮೂರನೇದ್ದು ಬ್ಯಾಡಂದಿ ಅಂತ ಬರ್ಕೊಂಡಿ. ರೊಟ್ಟಿ ಹ್ಯಾಂಗಿತ್ತು ಅಂತ ಒಂದಿನಾನೂ ಬರ್ದಿಲ್ಲ" ಎನ್ನುತ್ತಾಳೆ. ಆಕೆಗೆ ನನ್ನ ದಿನಚರಿಯಲ್ಲಿ ಏನಿದೆ ಎಂಬುದು ಹೇಗೆ ಗೊತ್ತಾಯಿತು ಎಂದು ನಾನೂ ಕೇಳಿಲ್ಲ.

ನಾನು ಔರಾದದ ಒಂದು ಪದವಿ ಕಾಲೇಜಿನಲ್ಲಿ ಭೂಗೋಳ ಕಲಿಸುವ ಅತಿಥಿ ಉಪನ್ಯಾಸಕ. ಮನೆ ಭಾಲ್ಕಿಯಲ್ಲಿ. ಅತಿಥಿ ಎಂಬ ಶಬ್ದ ಕೇಳಿ ಯಾರೂ ಸಂತೋಷಪಡಬೇಕಾಗಿಲ್ಲ. ಪ್ರತಿ ವರ್ಷ ನಮ್ಮನ್ನು ಕರೆಯುತ್ತಾರೋ ಇಲ್ಲವೋ ಎಂದು ಬಾಗಿಲ ಹೊರಗೆ ನಿಂತು ಕಾಯುವ ಅತಿಥಿಗಳು ನಾವು. ಹಾಗೆ ಕಾಯುವ ಬೇಸಿಗೆಯಲ್ಲಿ ಮಾಡಲು ಏನಾದರೂ ಬೇಕಲ್ಲ ಎಂದು ಎರಡೂ ತಾಲ್ಲೂಕುಗಳ ಹಳ್ಳಿಗಳನ್ನು ಸುತ್ತಿ ಹಳೆಯ ತೆರೆದ ಬಾವಿಗಳನ್ನು ಪಟ್ಟಿ ಮಾಡತೊಡಗಿದೆ. ಬಾವಿಯ ಹೆಸರೇನು, ತೋಡಿಸಿದವರು ಯಾರು, ನೀರು ಎಲ್ಲಿಗೆ ಇಳಿದಿದೆ ಎಂಬುದಷ್ಟೇ ನನ್ನ ಪ್ರಶ್ನೆಗಳು. ಸರ್ಕಾರಿ ದಾಖಲೆಯಲ್ಲಿ ಬಾವಿಗೆ ಸರ್ವೆ ನಂಬರು ಇರುತ್ತದೆ, ಹೆಸರು ಇರುವುದಿಲ್ಲ. ಹಳ್ಳಿಯಲ್ಲಿ ಪ್ರತಿ ಬಾವಿಗೂ ಹೆಸರುಂಟು. ಹಲಬರ್ಗಾದಲ್ಲಿ ಜೋಡಬಾವಿ, ಹುಣಸಿಬಾವಿ; ಔರಾದ ಕಡೆಯ ಒಂದು ಹಳ್ಳಿಯಲ್ಲಿ ಅತ್ತಿಬಾವಿ, ಸೊಸಿಬಾವಿ ಎಂದು ಎರಡಿವೆ, ನಡುವೆ ಒಂದು ಹೊಲ ಬಿಟ್ಟು ದೂರದೂರ.

ಖಟಕ ಚಿಂಚೋಳಿಯಲ್ಲಿ ನನಗೆ ಊರು ತೋರಿಸಿದವರು ತುಕಾರಾಮ ಕಾಕಾ. ಬೌದ್ಧರ ಓಣಿಯ ಹಿರಿಯರು. ಪಡಸಾಲೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಮಗಳ ಡಿಗ್ರಿ ಫೋಟೊ. ಕಾಕಾ ನನ್ನನ್ನು ಊರಿನ ಎಲ್ಲ ಬಾವಿಗಳಿಗೆ ಕರೆದುಕೊಂಡು ಹೋಗಿ ಕೊನೆಗೆ ತಮ್ಮ ಓಣಿಯ ಹಿಂದಿನ ಬಾವಿಯ ಹತ್ತಿರ ನಿಂತರು. "ಇದು ಮುತ್ತ್ಯಾನ ಬಾವಿರಿ ಸರ್. ಊರ ಬಾವ್ಯಾಗ ನಮಗ ಕೊಡ ಇಳಸ್ಲಾಕ ಬಿಡ್ತಿದ್ದಿಲ್ಲ. ಅದಕ್ಕ ನಮ್ಮ ಮುತ್ತ್ಯಾಗೋಳು ತಾವೇ ತೋಡ್ಯಾರ. ಕಲ್ಲ ಹೊತ್ತಾಕಿ ನಮ್ಮ ಆಯಿ." ಬಾವಿಯಲ್ಲಿ ಈಗ ಹೂಳು ತುಂಬಿ, ಮೇಲೆ ಒಂದಿಷ್ಟು ಹಸಿರು ನೀರು ನಿಂತಿತ್ತು. ಅಜ್ಜಂದಿರು ತೋಡಿದ್ದು, ಕಲ್ಲು ಹೊತ್ತವಳು ಅಜ್ಜಿ ಎಂದು ನಾನು ಬರೆದುಕೊಂಡೆ. ಬರೆದುಕೊಂಡು ಸುಮ್ಮನೆ ಬರಬೇಕಿತ್ತು. ಮನಸ್ಸು ತುಂಬಿ ಬಂದಾಗ ಬಾಯಿ ಮುಚ್ಚಿಕೊಂಡಿರುವುದು ನಮ್ಮ ಮನೆತನದಲ್ಲಿಲ್ಲ. "ಕಾಕಾ, ಬೀದರದಾಗ ದೊಡ್ಡ ವಿಚಾರ ಸಂಕಿರಣ ಅದ. ನಿಮ್ಮ ಬಾವಿ ಹೆಸರು ಅಲ್ಲಿ ಎಲ್ಲಾರ ಎದುರು ಓದ್ತೇನಿ" ಎಂದುಬಿಟ್ಟೆ. ಕಾಕಾ ಟೋಪಿ ತೆಗೆದು ಮತ್ತೆ ಹಾಕಿಕೊಂಡು, "ದೊಡ್ಡ ದೊಡ್ಡ ಸಾಹೇಬರು ಬರ್ತಾರೇನ್ರಿ ಅಲ್ಲಿ?" ಎಂದು ಕೇಳಿದರು. ಬರುತ್ತಾರೆ ಎಂದೆ. ಅದು ಸುಳ್ಳಾಗಿರಲಿಲ್ಲ.

ನೀರು ಮತ್ತು ಪರಂಪರೆ ಎಂಬ ಆ ಸಂಕಿರಣ ಶನಿವಾರ, ಭಾನುವಾರ ಎರಡು ದಿನ. ಬೀದರ ನನಗೆ ಪರ ಊರೇನಲ್ಲ. ಹಲ್ಲು ಕೀಳಿಸಲು, ಜಾತಿ ಪ್ರಮಾಣಪತ್ರಕ್ಕೆ, ಯಾರದೋ ಮದುವೆಯ ಜವಳಿಗೆ ಬಂದು ಹೋಗುವ ಊರು. ಆದರೆ ಕೊರಳಿಗೆ ಪ್ರತಿನಿಧಿ ಎಂಬ ಬಿಲ್ಲೆ ಬಿದ್ದ ಕೂಡಲೇ ನಾನೂ ಹೊರಗಿನವನಾದೆ. ಬಾಗಿಲಲ್ಲಿ ಒಂದು ಚೀಲ ಕೊಟ್ಟರು. ಅದರಲ್ಲಿ ಒಂದು ಪ್ಯಾಡು, ಬರೆಯದ ಒಂದು ಪೆನ್ನು, ನೀರಿನ ಬಾಟಲಿ ಮತ್ತು ನನ್ನ ಪ್ರಮಾಣಪತ್ರ. ಸದರಿಯವರು ಈ ಸಂಕಿರಣದಲ್ಲಿ ತಮ್ಮ ಪ್ರಬಂಧವನ್ನು ಯಶಸ್ವಿಯಾಗಿ ಮಂಡಿಸಿದ್ದಾರೆ ಎಂದು ಅದರಲ್ಲಿ ಬರೆದು, ಸಹಿ, ಸಿಕ್ಕಾ ಎಲ್ಲ ಹಾಕಿಯಾಗಿತ್ತು. ಉದ್ಘಾಟನೆಯ ದೀಪವನ್ನು ಇನ್ನೂ ಹಚ್ಚಿರಲಿಲ್ಲ.

ನಾನು ಅದನ್ನು ಹಿಡಿದು ಕಾರ್ಯದರ್ಶಿಗಳ ಹತ್ತಿರ ಹೋದೆ. ಅವರು ಸ್ಥಳೀಯ ಪ್ರಾಧ್ಯಾಪಕರು, ಸದಾ ಅವಸರದಲ್ಲಿದ್ದೂ ಸದಾ ನಗುವ ಮನುಷ್ಯ. "ಸರ್, ನಾನಿನ್ನೂ ಮಂಡಿಸಿಲ್ಲ" ಎಂದೆ.

"ಹೌದಿಲ್ರೀ, ಕಾರ್ಯಕ್ರಮನೇ ಸುರು ಆಗಿಲ್ಲ."

"ಮತ್ತ ಇದರಾಗ ಮಂಡಿಸಿದ್ದಾರೆ ಅಂತ ಅದ."

"ಕಡಿಗಿ ಎಲ್ಲಾರೂ ಸರ್ಟಿಫಿಕೇಟ್ ಸರ್ಟಿಫಿಕೇಟ್ ಅಂತ ಗದ್ದಲ ಮಾಡ್ತಾರಂತ ಮದ್ಲೇ ಕೊಟ್ಟಬಿಟ್ಟೇವ್ರಿ. ನಿಮಗ ಬಂದದಿಲ್ಲ? ಹೆಸರು ಬರೋಬ್ಬರಿ ಅದ? ಮತ್ತೇನ ಬೇಕ್ರಿ ಸರ್ರ? ಹೋಗ್ರಿ, ಉಪ್ಪಿಟ್ಟ ಆರ್ಲತದ."

ಬೇರೆ ಪ್ರತಿನಿಧಿಗಳು ಅದೇ ಪತ್ರವನ್ನು ಚೀಲದ ತಳಕ್ಕೆ ಹಾಕಿ ನಿರಾಳವಾಗಿ ಉಪ್ಪಿಟ್ಟು ತಿನ್ನುತ್ತಿದ್ದರು. ಬಂದ ಕೆಲಸ ಮುಗಿದಿತ್ತು. ಇನ್ನು ಊರು ನೋಡುವುದೊಂದೇ ಬಾಕಿ. ನನಗೆ ಮಾತ್ರ ಆ ಕಾಗದ ಚೀಲದೊಳಗೆ ಬಿಸಿಯಾಗಿ ಕೂತಹಾಗೆ ಆಗುತ್ತಿತ್ತು. ಎರಡು ದಿನದೊಳಗೆ ಓದಿದರೆ ಅದು ನಿಜ, ಓದದಿದ್ದರೆ ಸುಳ್ಳು. ಕಾಗದದ ಸುಳ್ಳನ್ನಾದರೂ ಪೆಟ್ಟಿಗೆಯ ತಳಕ್ಕೆ ಹಾಕಬಹುದು. ಕಾಕಾಗೆ ಏನು ಹೇಳುವುದು?

ಮೊದಲ ದಿನವನ್ನು ಸನ್ಮಾನ ತಿಂದಿತು. ನಮ್ಮ ಕಡೆ ವೇದಿಕೆಯ ಮೇಲಿದ್ದವರಿಗೆ ಶಾಲು ಹೊದಿಸುವುದು ವಾಡಿಕೆ. ಆಮೇಲೆ ಶಾಲು ಹೊದಿಸಿದವರಿಗೆ ಶಾಲು. ಆಮೇಲೆ ಮುಂದಿನ ಸಾಲಿನಲ್ಲಿ ಕೂತು ಬೇಜಾರಾದಂತೆ ಕಂಡವರಿಗೂ ಶಾಲು. ಮೂವತ್ತರವರೆಗೆ ಎಣಿಸಿದೆ, ಆಮೇಲೆ ಊಟಕ್ಕೆ ಕರೆದರು. ಊಟವಾದ ಮೇಲೆ ಶಾಲು ಮುಂದುವರಿಯಿತು. ಸಂಜೆ ಹೊತ್ತಿಗೆ ಕಾಕಾ ಫೋನು.

"ಜೈ ಭೀಮ್ರಿ ಸರ್. ಬಂತೇನ್ರಿ ನಮ್ಮ ಬಾವಿದು?"

"ಇನ್ನಾ ಇಲ್ರಿ ಕಾಕಾ. ನಾಳಿಗಿ ಅದ."

"ನಾಳಿಗಿನಾ? ಛಲೋ ಆಯ್ತು ಬಿಡ್ರಿ. ಇವತ್ತ ಹೊಲದಾಗ ತೊಗರಿ ಕೆಲಸ ಅಂತ ಮಂದಿ ಕಮ್ಮಿ ಇದ್ರು. ನಾಳಿ ಎಲ್ಲಾರೂ ಕಟ್ಟಿ ಮ್ಯಾಗ ಕುಂಡ್ರತೇವಿ. ಓದೂ ಮುಂದ ಫೋನ್ ಹಚ್ಚಿ ಇಡ್ರಿ, ನಾವೂ ಕೇಳ್ತೇವಿ."

ಭಾನುವಾರ ಬೆಳಿಗ್ಗೆ ಸಭಾಂಗಣದ ಬಾಗಿಲಿಗೆ ಬೀಗ. ಹೊರಗೆ ಒಂದು ಬಸ್ಸು. ಬಸ್ಸಿನ ಮೆಟ್ಟಿಲ ಮೇಲೆ ನಿಂತು ಕಾರ್ಯದರ್ಶಿಗಳು ಮೈಕಿನಲ್ಲಿ ಘೋಷಿಸಿದರು: ಸಮಯದ ಅಭಾವದಿಂದ ಪ್ರಬಂಧ ಮಂಡನೆಯ ಗೋಷ್ಠಿಯನ್ನು ಕ್ಷೇತ್ರಭೇಟಿಯೊಂದಿಗೆ ವಿಲೀನಗೊಳಿಸಲಾಗಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಹತ್ತಿರ ಹೋಗಿ, ವಿಲೀನ ಎಂದರೆ ಏನು ಎಂದು ಕೇಳಿದೆ. "ಫಿಕರ್ ಮಾಡಬ್ಯಾಡ್ರಿ ಸರ್ರ. ನಿಮ್ಮ ಗೋಷ್ಠಿ ಅಧ್ಯಕ್ಷರು ಬಸ್ಸಿನ್ಯಾಗೇ ಇದ್ದಾರ. ಎಲ್ಲಿ ಜಾಗಾ ಸಿಗ್ತದ ಅಲ್ಲಿ ಓದಿಬಿಡ್ರಿ" ಎಂದರು.

ಅಧ್ಯಕ್ಷರು ಮೈಸೂರು ಕಡೆಯ ಹಿರಿಯ ಪ್ರಾಧ್ಯಾಪಕರು. ಒಳ್ಳೆಯ ಮನುಷ್ಯ. ನನ್ನ ಎರಡು ದಿನದ ಅನುಭವದಲ್ಲಿ, ಒಳ್ಳೆಯ ಮನುಷ್ಯನನ್ನು ಹಿಡಿದು ಕೂರಿಸುವುದೇ ಎಲ್ಲಕ್ಕಿಂತ ಕಷ್ಟ. ಕೆಟ್ಟವನಾದರೆ ಒಂದೇ ಸಲ ಆಗುವುದಿಲ್ಲ ಎಂದು ಹೇಳಿಬಿಡುತ್ತಿದ್ದ. ಕೋಟೆಯೊಳಗೆ, ಮುತ್ತಿನ ಚಿಪ್ಪು ಕೂಡಿಸಿದ ಕಪ್ಪು ಕಲ್ಲಿನ ಗೋಡೆಯ ಮುಂದೆ ಅವರನ್ನು ಹಿಡಿದೆ. "ಸರ್, ನನ್ನ ಪ್ರಬಂಧ."

"ಓದಿದ್ದೀನಪ್ಪ, ಚೆನ್ನಾಗಿದೆ. ಆ ಕಬ್ಬಿನದು ತಾನೆ?"

"ಬಾವಿ ಸರ್."

"ಹಾಂ, ಬಾವಿ. ಬಾವೀನೇ ಅಂದಿದ್ದು. ಓದೋಣಂತೆ. ಮೊದಲು ಇದನ್ನ ನೋಡು, ಆ ಕಾಲದಲ್ಲಿ ಹೇಗೆ ಕೂರಿಸಿದ್ದಾರೆ! ನಿಮ್ಮೂರಲ್ಲಿ ಇಂಥದ್ದಿದೆ, ನೀವು ಪುಣ್ಯವಂತರು. ವಾರಕ್ಕೊಂದ್ಸಲ ಬಂದು ನೋಡ್ತೀಯೇನೋ?"

ನಾನು ಕೋಟೆಯೊಳಗೆ ಬಂದದ್ದು ಆರನೇ ಇಯತ್ತೆಯ ಪ್ರವಾಸದಲ್ಲಿ ಒಂದು ಸಲ. ಆಗ ಜೊತೆಗಿದ್ದ ಹುಡುಗನೊಬ್ಬ ವಾಂತಿ ಮಾಡಿಕೊಂಡದ್ದು ಬಿಟ್ಟರೆ ಬೇರೇನೂ ನೆನಪಿಲ್ಲ. ಅದನ್ನು ಹೇಳುವುದು ಸರಿಯೆನಿಸದೆ ತಲೆಯಾಡಿಸಿದೆ. ಕೋಟೆಯ ತುಂಬ ನೀರಿನ ಏರ್ಪಾಡುಗಳೇ. ಎತ್ತಿನಿಂದ ನೀರೆತ್ತುತ್ತಿದ್ದ ಜಾಗ, ಮಣ್ಣಿನ ಕೊಳವೆ ಹಾಯಿಸಿದ ಗೋಡೆ, ಅಲ್ಲಿಂದ ಕಾರಂಜಿಗೆ, ಸ್ನಾನದ ಮನೆಗೆ. ಈಗ ಎಲ್ಲ ಒಣಗಿ, ಹೌದಿನ, ಎಂದರೆ ನೀರಿನ ತೊಟ್ಟಿಯ, ತಳದಲ್ಲಿ ಬೇವಿನ ಎಲೆ ಬಿದ್ದಿದ್ದವು. ಪ್ರತಿನಿಧಿಗಳು ಆ ಖಾಲಿ ಹೌದುಗಳೊಳಗೆ ಇಳಿದು ಗುಂಪು ಫೋಟೊ ತೆಗೆಸಿಕೊಂಡರು. ನನ್ನನ್ನೂ ಕರೆದರು. ಆ ಫೋಟೊದಲ್ಲಿ ನಾನು ಕಾಗದದ ಸುರುಳಿ ಹಿಡಿದು, ಯಾರ ಮೇಲೋ ಅರ್ಜಿ ಕೊಡಲು ಬಂದವನ ಹಾಗೆ ನಿಂತಿದ್ದೇನೆ.

ಹಳೆಯ ಮದರಸಾದಲ್ಲಿ ಜಾಗವಿತ್ತು, ನೆರಳಿತ್ತು, ಕೂರಲು ಮೆಟ್ಟಿಲುಗಳಿದ್ದವು. ಓದುವುದಕ್ಕೆಂದೇ ಕಟ್ಟಿದ ಕಟ್ಟಡ. ಅಲ್ಲಿ ಅಧ್ಯಕ್ಷರು ಸಂದರ್ಶನ ಕೊಡುತ್ತಿದ್ದರು. ಯಾರೋ ಮೊಬೈಲು ಹಿಡಿದು ಅವರಿಂದ ಬೀದರದ ಬಗ್ಗೆ ಅಭಿಪ್ರಾಯ ಕೇಳುತ್ತಿದ್ದರು. ಆ ಕಟ್ಟಡದ ಎದುರಿಗೆ ಒಂದು ಮಿನಾರು ಇದೆ. ಇನ್ನೊಂದು ಇಲ್ಲ. ಎಲ್ಲರೂ ಇರುವುದರ ಫೋಟೊ ತೆಗೆಯುತ್ತಿದ್ದರು, ನಾನು ಇಲ್ಲದ್ದರ ಜಾಗ ನೋಡುತ್ತಾ ನಿಂತೆ. ಆಗ ಮತ್ತೆ ಫೋನು.

"ಸರ್, ಎಲ್ಲಾರೂ ಕುಂತೇವ್ರಿ. ನಮ್ಮ ಮಗಳೂ ಬಂದಾಳ. ಸುರು ಆಯ್ತೇನ್ರಿ?"

"ಇಷ್ಟರಾಗ ಆಗ್ತದ ಕಾಕಾ. ಜರಾ ತಡೀರಿ."

ಫೋನಿನೊಳಗೆ ಕಾಕಾ ಹಿಂದಿನಿಂದ ಯಾವುದೋ ಮುದುಕಿಯ ದನಿ ಕೇಳಿತು: "ತಡಿ ಅಂತಾರೇನು? ಹಂಗಾರ ನಾ ಹಿಟ್ಟ ಬೀಸ್ಕೊಂಡು ಬರ್ತೇನಿ."

ಅಲ್ಲಿಂದ ಝರಣಿ ನರಸಿಂಹನ ಗುಹೆಗೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಅಲ್ಲಿ ದೇವರು ಸುರಂಗದ ಕೊನೆಗಿದ್ದಾನೆ, ಸುರಂಗದ ತುಂಬ ಎದೆಮಟ್ಟ ನೀರು, ಮೇಲೆ ಬಾವಲಿಗಳು. ಗಂಡಸರು ಅಂಗಿ ತೆಗೆದು ನೀರಿಗೆ ಇಳಿಯಬೇಕು. ನೀರಿನ ಪರಂಪರೆಯನ್ನು ಪ್ರತ್ಯಕ್ಷ ನೋಡಬೇಕೆಂದು ಅಧ್ಯಕ್ಷರು ಇಳಿದರು. ಇನ್ನು ತಪ್ಪಿಸಿಕೊಳ್ಳಲು ಅವರಿಗೆ ದಾರಿಯಿಲ್ಲ, ಹಿಂದೆ ನಾನು, ಮುಂದೆ ದೇವರು, ಎಂದು ನಾನೂ ಪ್ರಬಂಧವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಲೆಯ ಮೇಲೆ ಎತ್ತಿ ಹಿಡಿದು ಇಳಿದೆ. ನಡುದಾರಿಯಲ್ಲಿ ಸಾಲು ನಿಂತಿತು. "ಸರ್, ಇಲ್ಲೇ ಸಾರಾಂಶ ಹೇಳಿಬಿಡಲೇ?" ಎಂದು ಕೇಳಿದೆ.

"ಏನಪ್ಪಾ ನೀನು! ಕುತ್ತಿಗೆಗೆ ನೀರು ಬಂದಿದೆ, ಕಾಲ ಕೆಳಗೆ ಏನೋ ಸರೀತಿದೆ."

"ಕಲ್ಲಿರಬೇಕ್ರಿ ಸರ್" ಎಂದರು ಮುಂದಿದ್ದ ಕಾರ್ಯದರ್ಶಿಗಳು.

"ಕಲ್ಲು ಸರಿಯುತ್ತೇನ್ರೀ?"

"ಬೀದರದಾಗ ಸರಿತದ್ರಿ ಸರ್" ಎಂದು ಅವರು ನಕ್ಕರು. ಇಡೀ ಸುರಂಗ ನಕ್ಕಿತು. ತೆರೆದ ಬಾವಿಗಳ ನೀರು ತಳ ಸೇರಿದ ಕಥೆಯನ್ನು ಎದೆಮಟ್ಟ ನೀರಿನಲ್ಲಿ ತಲೆಯ ಮೇಲೆ ಹೊತ್ತು ನಿಂತವನಿಗೆ ಮಾತ್ರ ನಗು ಬರಲಿಲ್ಲ. ದೇವರ ಮುಂದೆ ನಿಂತಾಗ, ಇದೊಂದನ್ನು ಯಾರಾದರೂ ಕೇಳುವ ಹಾಗೆ ಮಾಡಪ್ಪಾ ಎಂದು ಬೇಡಿಕೊಂಡೆ. ಸಾಲು ಬಹಳವಿತ್ತು, ಪೂಜಾರಿ ನನ್ನನ್ನು ಬೇಗ ಮುಂದೆ ತಳ್ಳಿದರು.

ಮಧ್ಯಾಹ್ನ ಗುರುದ್ವಾರದಲ್ಲಿ ಊಟ. ತಲೆಗೆ ಬಟ್ಟೆ ಕಟ್ಟಿಕೊಂಡು ಸಾಲಾಗಿ ಕೂತೆವು. ರೊಟ್ಟಿ, ದಾಲು, ಪಾಯಸ. ಬಡಿಸುವವರು ಬೇಡವೆನ್ನುವುದನ್ನು ಕೇಳುವವರಲ್ಲ. ಬೇಕಾದಷ್ಟು, ಬೇಕಾದವರಿಗೆಲ್ಲ, ಊರು ಹೆಸರು ಕೇಳದೆ. ಆ ಅರ್ಧ ಗಂಟೆ ಮಾತ್ರ ನಾನು ಪ್ರಬಂಧವನ್ನು ಮರೆತಿದ್ದೆ. ಅಧ್ಯಕ್ಷರು ಪಾಯಸವನ್ನು ಮೂರು ಸಲ ಹಾಕಿಸಿಕೊಂಡರು. ಅದನ್ನು ನೋಡಿದಾಗಲೇ ನನಗೆ ತಿಳಿಯಬೇಕಿತ್ತು.

ಕೊನೆಯ ಕಾರ್ಯಕ್ರಮ ಭಾಲ್ಕಿಯಲ್ಲಿ ಚಹಾ ಮತ್ತು ಉಳಿದ ಸನ್ಮಾನ. ಬಸ್ಸು ಭಾಲ್ಕಿ ದಾರಿ ಹಿಡಿಯುವಷ್ಟರಲ್ಲಿ ಎಲ್ಲರ ತಲೆಗಳೂ ವಾಲಿದವು. ಅಧ್ಯಕ್ಷರು ಬಾಯಿ ತೆರೆದು ಮಲಗಿದ್ದರು. ಅಂತ್ಯಾಕ್ಷರಿ ಆಡಿಸಬೇಕೆಂದು ಮೈಕು ಹಿಡಿದು ನಿಂತಿದ್ದ ಕಾರ್ಯದರ್ಶಿಗಳು ಒಂದು ಹಾಡು ಮುಗಿಸುವ ಮೊದಲೇ ಮುಂದಿನ ಸೀಟಿನಲ್ಲಿ ಕುಸಿದು ಗೊರಕೆ ಹೊಡೆಯತೊಡಗಿದರು. ಎಚ್ಚರವಾಗಿದ್ದವರು ಡ್ರೈವರು ಮತ್ತು ನಾನು. ಇನ್ನು ಒಂದು ಗಂಟೆಯಲ್ಲಿ ಭಾಲ್ಕಿ. ಅಲ್ಲಿ ನನ್ನ ಮನೆ, ನನ್ನ ದಿನಚರಿ. ಫೋನು ನಡುಗಿತು.

"ಸರ್, ಮಂದಿ ಏಳ್ಲತಾರ್ರಿ. ಕೆಲವರು ಅನ್ಲತಾರ, ತುಕಾರಾಮಗ ಮಾಸ್ತರು ಚೇಷ್ಟಿ ಮಾಡ್ಯಾರಂತ. ಏನ ಹೇಳ್ಲಿರಿ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಅನುಕೂಲವಾಗುತ್ತಿತ್ತು. "ಕಾಕಾ, ಎಲ್ಲಾರ್ಗೂ ಕುಂಡ್ರಲಾಕ ಹೇಳ್ರಿ. ಈಗ ಓದ್ಲತೇನಿ. ಫೋನ್ ಇಡಬ್ಯಾಡ್ರಿ" ಎಂದೆ. ಫೋನಿನ ಸ್ಪೀಕರ್ ಹಚ್ಚಿ ಅಂಗಿಯ ಜೇಬಿಗೆ ಹಾಕಿಕೊಂಡೆ. ಕಾರ್ಯದರ್ಶಿಗಳ ತೊಡೆಯ ಮೇಲಿದ್ದ ಮೈಕನ್ನು, ಮಲಗಿದ ಮಗುವಿನ ಕೈಯಿಂದ ಆಟಿಕೆ ಬಿಡಿಸುವ ಹಾಗೆ ಮೆಲ್ಲಗೆ ಬಿಡಿಸಿಕೊಂಡೆ. ಡ್ರೈವರು ಕನ್ನಡಿಯಲ್ಲಿ ನೋಡಿ, "ಹಾಡ್ರಿ ಸರ್ರ, ನನಗೂ ನಿದ್ದಿ ಎಳಿಲತದ" ಎಂದರು.

ನಾನು ಓದಿದೆ. ಮಾನ್ಯ ಗೋಷ್ಠಿಯ ಅಧ್ಯಕ್ಷರೇ ಎಂಬಲ್ಲಿಂದ ಹಿಡಿದು ಓದಿದೆ. ಹಲಬರ್ಗಾ ದಾರಿ ದಾಟುವಾಗ ಹಲಬರ್ಗಾದ ಬಾವಿಗಳು ಬಂದವು, ಅತ್ತಿಬಾವಿ ಸೊಸಿಬಾವಿ ಬಂದವು, ಆಮೇಲೆ ಖಟಕ ಚಿಂಚೋಳಿ. ಮುತ್ತ್ಯಾನ ಬಾವಿ ಎಂದು ಓದಿದಾಗ ಜೇಬಿನೊಳಗಿನಿಂದ ಯಾರೋ "ಹಾಂ!" ಎಂದರು. ತೋಡಿದವರು ಯಾರು, ಏಕೆ ತೋಡಬೇಕಾಯಿತು, ಕಲ್ಲು ಹೊತ್ತವಳು ಯಾರು ಎಂಬುದನ್ನೂ ಬಿಡದೆ ಓದಿದೆ. ಬಸ್ಸಿನ ಮೈಕಿಗೆ ಗಡಗಡ ಪ್ರತಿಧ್ವನಿ ಇತ್ತು. ಕಟ್ಟೆಯ ಮೇಲೆ ಕೂತವರಿಗೆ ಅದು ನಿಜವಾಗಿಯೂ ದೊಡ್ಡ ಸಭಾಂಗಣದ ಹಾಗೆಯೇ ಕೇಳಿಸಿರಬೇಕು. ಧನ್ಯವಾದಗಳು ಎಂದು ಮುಗಿಸಿದೆ.

ಆ ಶಬ್ದದಲ್ಲಿ ಏನಿದೆಯೋ, ಅಧ್ಯಕ್ಷರು ಎಚ್ಚರಗೊಂಡರು. ಎಷ್ಟು ವರ್ಷಗಳ ಅಭ್ಯಾಸವೋ, ಕಣ್ಣು ತೆರೆಯುವ ಮೊದಲೇ ಕೈಗಳು ಚಪ್ಪಾಳೆ ತಟ್ಟತೊಡಗಿದವು. ಆ ಸದ್ದಿಗೆ ಒಬ್ಬೊಬ್ಬರಾಗಿ ಎದ್ದರು, ಎದ್ದವರೆಲ್ಲ ತಟ್ಟಿದರು. ಕಾರ್ಯದರ್ಶಿಗಳಂತೂ ನಿಂತೇ ತಟ್ಟಿದರು. "ಬಹಳ ಅಚ್ಚುಕಟ್ಟಾಗಿತ್ತು. ಸಮಯಕ್ಕೆ ಸರಿಯಾಗಿ ಮುಗಿಸಿದರು" ಎಂದರು ಅಧ್ಯಕ್ಷರು, ಕಿಟಕಿಯ ಹೊರಗೆ ನಾವೆಲ್ಲಿದ್ದೇವೆಂದು ಹುಡುಕುತ್ತಾ. "ಪ್ರಶ್ನೆಗಳಿದ್ದರೆ ಕೇಳಬಹುದು."

ಆ ಒಂದು ಕ್ಷಣ, ಓದುಗರೇ, ಮೂರು ವರ್ಷದ ಹಿಂದೆ ತೆಗೆದುಹಾಕಿದ ನನ್ನ ನಗುವಿನ ಕಾಲಂ ಅನ್ನು ಮತ್ತೆ ತೆರೆದು ಅದಕ್ಕೆ ಒಂದು ಗೀಟು ಹಾಕಬಹುದಿತ್ತು. ಪ್ರಬಂಧ ಮಂಡಿಸಿಯಾಗಿತ್ತು. ಕೊಟ್ಟ ಮಾತು ಉಳಿದಿತ್ತು. ಕಾಕಾ ಕೂಡ ಚಪ್ಪಾಳೆ ಕೇಳಿದ್ದರು. ಅವರ ಖುಷಿ ಕೇಳೋಣವೆಂದು ಜೇಬಿನಿಂದ ಫೋನು ತೆಗೆದು, ಮೈಕು ಹಿಡಿದ ಕೈಯಲ್ಲೇ ಅದನ್ನೂ ಹಿಡಿದೆ. ಕಾಕಾನ ದನಿ ಬಸ್ಸಿನ ತುಂಬ ಹರಡಿತು.

"ಭಾಳ ಬೇಷ್ ಓದಿದ್ರಿ ಸರ್. ಇಲ್ಲಿ ನಮ್ಮ ಆಯಿ ಹೆಸರ ಕೇಳಿ ಮಂದಿ ಕಣ್ಣಿಗಿ ಸೆರಗ ಹಚ್ಚ್ಯಾರ. ನಮಗೂ ಗ್ರಾಮಸಭಾದಾಗ ಓದಿ ಓದಿ ಸಾಕಾಗಿತ್ತರಿ. ಅಲ್ಲಿ ಓದಿದ್ದು ಅಲ್ಲೇ ಉಳಿತದ. ನೀವು ಸೀದಾ ದೊಡ್ಡ ಸಾಹೇಬರ ಎದುರೇ ಓದಿದ್ರಿ, ಅವರೂ ಎಲ್ಲಾರೂ ಚಪ್ಪಾಳಿ ಹೊಡದು ಮಂಜೂರ ಮಾಡ್ಯಾರ. ಹಂಗಾರ ಹೂಳ ತೆಗಿಲಾಕ ಯಾವಾಗ ಬರ್ತಾರ್ರಿ? ದಿನ ಹೇಳಿದ್ರ ನಾವು ದನಾ ಎಲ್ಲಾ ಆ ಕಡಿ ಕಟ್ಟತೇವಿ."

ಸಭೆಯಲ್ಲಿ ಓದುವುದು ಎಂದರೆ ಅವರ ಊರಿನಲ್ಲಿ ಒಂದೇ ಅರ್ಥ: ಅರ್ಜಿ ಓದಿ ಕೆಲಸ ಮಂಜೂರು ಮಾಡಿಸುವುದು. ಬೇಸಿಗೆಯಿಡೀ ಅಂಥ ಕಟ್ಟೆಗಳ ಮೇಲೆ ಕೂತು ಚಹಾ ಕುಡಿದ ನನಗೆ ಅದು ಹೊಳೆದಿರಲಿಲ್ಲ. ನಾನು ಅಧ್ಯಕ್ಷರ ಕಡೆ ನೋಡಿದೆ. ಅವರು ಕಾರ್ಯದರ್ಶಿಗಳ ಕಡೆ ನೋಡಿದರು. ಕಾರ್ಯದರ್ಶಿಗಳು ಎರಡು ದಿನದಲ್ಲಿ ಮೊದಲ ಸಲ ನಗುತ್ತಿರಲಿಲ್ಲ. ನಾನು ಫೋನನ್ನು ಬಾಯಿಯ ಹತ್ತಿರ ತಂದು, ಜನ್ಮದಲ್ಲಿ ಮಾಡದ ಕೆಲಸ ಮಾಡಿದೆ. "ಹಲೋ? ಹಲೋ ಕಾಕಾ? ಕೇಳಸ್ಲತಿಲ್ರಿ. ನೆಟ್‌ವರ್ಕ್ ಇಲ್ಲ. ಹಲೋ?"

ಮೈಕು ಇನ್ನೂ ಚಾಲೂ ಇತ್ತು. ನನ್ನ ಹಲೋ ಹಿಂದಿನ ಸೀಟಿನ ತನಕ ಹೋಗಿ ತಿರುಗಿ ಬಂತು.

"ಟಾವರ್ ಬಾಜೂಕೇ ಅದರಿ ಸರ್ರ" ಎಂದರು ಡ್ರೈವರು, ಸಹಾಯ ಮಾಡುವ ದನಿಯಲ್ಲಿ.

"ಹೌದ್ರಿ ಸರ್, ನಮಗೂ ಬರೋಬ್ಬರಿ ಕೇಳ್ಲತದ" ಎಂದರು ಕಾಕಾ. "ಹೇಳ್ರಿ."

ಬಸ್ಸಿನಲ್ಲಿ ಈಗ ಯಾರೂ ಮಲಗಿರಲಿಲ್ಲ, ಯಾರೂ ಕಿಟಕಿಯ ಹೊರಗೆ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ನನ್ನ ಮೇಲೆ. ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಾಗಿದ್ದರು. ಎರಡು ದಿನದಿಂದ ಕೋಟೆ, ಮದರಸಾ, ಗುಹೆ ಎಂದು ಹುಡುಕಿದ ಶ್ರೋತೃವರ್ಗ ಕೊನೆಗೂ ಸಿಕ್ಕಿತ್ತು. ನನ್ನ ಹತ್ತಿರ ಓದಲು ಮಾತ್ರ ಏನೂ ಉಳಿದಿರಲಿಲ್ಲ.